ವೈಮಾರಿನ ನಾಟಕಶಾಲೆಯ ಮುಂದೆ

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಚರಿತ್ರೆಯ ಪಾಠ ಹೇಳಿ ಸಂಸಾರ ಸಾಗಿಸಿದವರು ನಾವು. ಅಷ್ಟು ವರ್ಷವೂ, ಪರೀಕ್ಷೆ ಹತ್ತಿರವಾಯಿತೆಂದರೆ, ಜರ್ಮನಿಯಲ್ಲಿ ನಾಜಿ ಪಕ್ಷದ ಉದಯಕ್ಕೆ ಕಾರಣಗಳೇನೆಂಬ ಪ್ರಶ್ನೆಗೆ ಐದು ಅಂಶಗಳ ಉತ್ತರವೊಂದನ್ನು ಹುಡುಗರಿಗೆ ಬರೆಯಿಸುತ್ತಿದ್ದೆವು. ವರ್ಸೇಲ್ಸ್ ಒಪ್ಪಂದದ ಅವಮಾನ ಒಂದು, ಯುದ್ಧಪರಿಹಾರದ ಹೊರೆ ಎರಡು, ಹಣದುಬ್ಬರ ಮೂರು, ನಿರುದ್ಯೋಗ ನಾಲ್ಕು, ಗಣರಾಜ್ಯದ ದೌರ್ಬಲ್ಯ ಐದು. ಅಂಶಕ್ಕೊಂದು ಅಂಕ. ಇದನ್ನು ಬಾಯಿಪಾಠ ಮಾಡಿದ ಯಾವ ಹುಡುಗನೂ ಆ ಪ್ರಶ್ನೆಯಲ್ಲಿ ಅಂಕ ಕಳೆದುಕೊಂಡದ್ದಿಲ್ಲ. ನಮ್ಮ ಶಿಷ್ಯರಲ್ಲಿ ಇಬ್ಬರು ಮೂವರು ಈಗ ತಾವೇ ಮೇಷ್ಟರಾಗಿ ಅದೇ ಐದು ಅಂಶಗಳನ್ನು ತಮ್ಮ ಹುಡುಗರಿಗೆ ಬರೆಯಿಸುತ್ತಿದ್ದಾರೆಂದು ಕೇಳಿ ಒಳಗೊಳಗೇ ಹಿಗ್ಗಿದ್ದೂ ಉಂಟು.

ಆ ಹಿಗ್ಗನ್ನು ಇಳಿಸಿದವಳು ನಮ್ಮ ಮೊಮ್ಮಗಳು. ಮಗಳು ಅಳಿಯಂದಿರು ಇಂಗ್ಲೆಂಡಿನಲ್ಲಿ ನೆಲಸಿ ವರ್ಷಗಳಾದುವು. ಅವರನ್ನು ನೋಡಿಬರಲೆಂದು ನಾವೂ ನಮ್ಮ ಮನೆಯವರೂ ಹೋಗಿದ್ದೆವು. ಹದಿನೇಳು ವರ್ಷದ ಮೊಮ್ಮಗಳು ಅಲ್ಲಿ ಎ-ಲೆವೆಲ್ ಎಂಬ ವ್ಯಾಸಂಗದಲ್ಲಿದ್ದಾಳೆ. ನಮ್ಮ ಪಿ.ಯು.ಸಿ.ಯ ಹಾಗೆ ಎರಡು ವರ್ಷದ್ದು. ಆದರೆ ವಿಷಯಗಳು ಬಹುಮಟ್ಟಿಗೆ ಮೂರೇ. ವಿಷಯ ಕಡಿಮೆಯಾದಷ್ಟೂ ಆಳ ಹೆಚ್ಚು. ನಾವು ಎರಡು ಪಿರಿಯಡ್ಡುಗಳಲ್ಲಿ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದ ಭಾಗವನ್ನು, ಎಂದರೆ 1918ರಿಂದೀಚಿನ ಜರ್ಮನಿಯನ್ನು, ಈ ಮಕ್ಕಳು ತಿಂಗಳುಗಟ್ಟಲೆ ಅರೆದು ಕುಡಿಯುತ್ತಾರೆ. ಉಪಾಧ್ಯಾಯರು ಉತ್ತರ ಬರೆಯಿಸುವ ಪದ್ಧತಿಯೇ ಅಲ್ಲಿಲ್ಲ. ಚುನಾವಣೆಯ ಒಂದು ಭಿತ್ತಿಪತ್ರವನ್ನೋ, ಮಂತ್ರಿಯೊಬ್ಬನ ಭಾಷಣವನ್ನೋ, ಒಂದು ಕಾಗದವನ್ನೋ ಮುಂದಿಟ್ಟು, ಇದನ್ನು ಬರೆದವರಾರು, ಯಾರು ಓದಲೆಂದು ಬರೆದರು, ಎಷ್ಟರಮಟ್ಟಿಗೆ ನಂಬಬಹುದು ಎಂದು ಕೇಳುತ್ತಾರೆ. ಅದಾದ ಮೇಲೆ ಪಂಡಿತರ ಜಗಳ. ಎ. ಜೆ. ಪಿ. ಟೇಲರ್ ಎಂಬ ಇಂಗ್ಲಿಷ್ ಚರಿತ್ರಕಾರನು 1945ರಲ್ಲಿ ಒಂದು ಪುಸ್ತಕ ಬರೆದು, ಜರ್ಮನರ ಚರಿತ್ರೆ ಶತಮಾನಗಳಿಂದ ಇದೇ ದಿಕ್ಕಿಗೆ ಹರಿದುಬಂದಿತೆಂದು ವಾದಿಸಿದನು. ಜರ್ಮನಿಯವನೇ ಆದ ಕಾರ್ಲ್ ಡೀಟ್ರಿಖ್ ಬ್ರಾಖರನು 1955ರಲ್ಲಿ, ಗಣರಾಜ್ಯವು ಹೇಗೆ ಹಂತಹಂತವಾಗಿ ಕರಗಿತೆಂಬುದನ್ನು ಬಿಡಿಸಿ ತೋರಿಸಿದನು. ಇಬ್ಬರಲ್ಲಿ ಯಾರ ಮಾತು ಸರಿಯೆಂದು ಹದಿನೇಳರ ಹುಡುಗಿ ತೀರ್ಪು ಕೊಡಬೇಕು!

ಅವಳಿಗೆ ಕೊಟ್ಟಿದ್ದ ಪ್ರಬಂಧದ ಪ್ರಶ್ನೆ, ವೈಮಾರ್ ಗಣರಾಜ್ಯದ ಪತನ ಅನಿವಾರ್ಯವಾಗಿತ್ತೆ ಎಂಬುದು. “ಇದಕ್ಕೇಕೆ ಇಷ್ಟು ತಲೆಬಿಸಿ, ಅಮ್ಮಣ್ಣಿ? ಬರೆದುಕೊ” ಎಂದು ನಾವು ಅಡಿಗೆಮನೆಯ ಮೇಜಿನ ಬಳಿ ಕುಳಿತು ಐದು ಅಂಶಗಳನ್ನೂ ಹೇಳಿದೆವು. ಅವಳು ಮರ್ಯಾದೆಯಿಂದ ಬರೆದುಕೊಂಡಳು. ಮೇಲಿನಿಂದ ಕೆಳಗೆ ಒಮ್ಮೆ ಓದಿದಳು. “ತಾತ, ಇದರಲ್ಲಿ ಮನುಷ್ಯರು ಎಲ್ಲಿದ್ದಾರೆ?” ಎಂದು ಕೇಳಿದಳು.

ನಮ್ಮ ಮನೆಯವರು ಒಲೆಯ ಕಡೆ ತಿರುಗಿ ನಕ್ಕದ್ದು ನಮಗೆ ಕಾಣದಿರಲಿಲ್ಲ.

ಈಸ್ಟರ್ ರಜದಲ್ಲಿ ಅವಳನ್ನು ಜರ್ಮನಿಗೆ ಕರೆದುಕೊಂಡು ಹೋಗಿಬರಬೇಕೆಂದು ಮಗಳು ಮೊದಲೇ ಎಣಿಸಿದ್ದಳು. ಕಚೇರಿಯಲ್ಲಿ ರಜ ಸಿಕ್ಕದೆ ಆ ಭಾರ ನಮ್ಮ ಪಾಲಿಗೆ ಬಂತು. ಯಾರು ಯಾರನ್ನು ಕರೆದುಕೊಂಡು ಹೋದರೆಂಬುದು ಬೇರೆ ಮಾತು. ಚೀಟಿ, ದಾರಿ, ವಸತಿ ಎಲ್ಲವೂ ಹುಡುಗಿಯ ಕೈಯಲ್ಲಿತ್ತು. ನಮ್ಮ ಕೈಯಲ್ಲಿದ್ದುದು ಚಕ್ಕುಲಿಯ ಡಬ್ಬಿ.

ಬರ್ಲಿನ್ನಿನಲ್ಲಿ ವಿಮಾನದಿಂದಿಳಿದು, ಎರ್ಫುರ್ಟ್ ಎಂಬಲ್ಲಿ ಗಾಡಿ ಬದಲಾಯಿಸಿ ವೈಮಾರನ್ನು ಸೇರಿದೆವು. ದಾರಿಯ ಹಳ್ಳಿಗಳಲ್ಲಿ ಕೆಂಪು ಹೆಂಚಿನ ಮಾಡುಗಳನ್ನು ಕಂಡು ನಮ್ಮ ಮನೆಯವರು, “ಇವರೂ ಮಂಗಳೂರು ಹೆಂಚನ್ನೇ ಹೊದಿಸಿದ್ದಾರಲ್ಲ!” ಎಂದರು. ಹೆಂಚಿನ ಕಾರ್ಖಾನೆಯನ್ನು 1865ರಲ್ಲಿ ಮಂಗಳೂರಿನಲ್ಲಿ ಹೂಡಿದವರು ಬಾಸೆಲ್ ಮಿಷನ್ನಿನವರು, ಅವರಲ್ಲಿ ಎಷ್ಟೋ ಮಂದಿ ಜರ್ಮನಿಯವರು, 1894ರಲ್ಲಿ ಕನ್ನಡಕ್ಕೆ ದೊಡ್ಡ ನಿಘಂಟನ್ನು ಕೊಟ್ಟ ಕಿಟ್ಟೆಲ್ ಸಾಹೇಬರೂ ಆ ಮಿಷನ್ನಿನವರೇ ಎಂದು ನಾವು ಅಷ್ಟುದ್ದ ಹೇಳಿದೆವು. ನಿಘಂಟು ಮಾಡುವಷ್ಟು ತಾಳ್ಮೆಯಿದ್ದ ಜನ ಆಮೇಲೆ ಹಾಗೇಕಾದರೆಂದು ಅವರು ಕೇಳಿದರು. ಆ ಪ್ರಶ್ನೆಗೆ ಉತ್ತರ ನಮ್ಮ ಐದು ಅಂಶಗಳಲ್ಲಿ ಎಲ್ಲಿಯೂ ಇರಲಿಲ್ಲ.

ವೈಮಾರ್ ದೊಡ್ಡ ಪಟ್ಟಣವಲ್ಲ. ಕಾಲ್ನಡಿಗೆಯಲ್ಲಿಯೇ ಊರು ಮುಗಿಯುತ್ತದೆ. ಗಯಟೆ ಮಹಾಕವಿಯೂ ಷಿಲರನೂ ಬಾಳಿದ ಊರಾದುದರಿಂದ ಬೀದಿಬೀದಿಗೂ ಅವರ ಹೆಸರು. ನಡುವಿನ ಚೌಕದಲ್ಲಿ ರಾಷ್ಟ್ರೀಯ ನಾಟಕಶಾಲೆ; ಅದರ ಮುಂದೆ ಒಂದೇ ಪೀಠದ ಮೇಲೆ ಇಬ್ಬರು ಕವಿಗಳೂ ನಿಂತಿರುವ ಕಂಚಿನ ಪ್ರತಿಮೆ. ಅದನ್ನು ನಿಲ್ಲಿಸಿದ್ದು 1857ರಲ್ಲಿ. ಏಪ್ರಿಲ್ ತಿಂಗಳಾದರೂ ಚಳಿ ಬಿಟ್ಟಿರಲಿಲ್ಲ. ಯಾತ್ರಿಕರೆಲ್ಲ ಕವಿಗಳ ಕಾಲಬಳಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಹುಡುಗಿ ಮಾತ್ರ ಅವರಿಗೆ ಬೆನ್ನು ಹಾಕಿ ನಾಟಕಶಾಲೆಯ ಗೋಡೆಯ ಬಳಿಗೆ ನಡೆದಳು. ಅಲ್ಲಿ ಒಂದು ಕಂಚಿನ ಫಲಕ. ಜರ್ಮನಿಯ ಜನರು 1919ನೆಯ ಆಗಸ್ಟ್ 11ರ ರಾಜ್ಯಾಂಗವನ್ನು ಈ ಮನೆಯಲ್ಲಿ ತಮಗೆ ತಾವೇ ಕೊಟ್ಟುಕೊಂಡರೆಂಬುದು ಅದರ ತಾತ್ಪರ್ಯ.

ನಡೆದದ್ದು ಹೀಗೆ. 1918ನೆಯ ನವೆಂಬರಿನಲ್ಲಿ ಕೈಸರನು ಸಿಂಹಾಸನ ಬಿಟ್ಟು ಹಾಲೆಂಡಿಗೆ ಹೋದನು. ಮರುವರ್ಷ ಜನವರಿ 19ರಂದು ರಾಜ್ಯಾಂಗ ಸಭೆಗೆ ಚುನಾವಣೆ ನಡೆಯಿತು. ಬರ್ಲಿನ್ನಿನಲ್ಲಿ ದಂಗೆ, ಬೀದಿಯಲ್ಲಿ ಗುಂಡು ಹಾರುತ್ತಿದ್ದ ಕಾಲ. ಆದಕಾರಣ ಸಭೆಯನ್ನು ಈ ಶಾಂತವಾದ ಊರಿನಲ್ಲಿ, ಈ ನಾಟಕಶಾಲೆಯಲ್ಲಿ, ಫೆಬ್ರವರಿ 6ರಂದು ಕೂಡಿಸಿದರು. ಆ ಚುನಾವಣೆಯಲ್ಲಿ ಜರ್ಮನಿಯ ಹೆಂಗಸರು ಮೊದಲ ಸಲ ದೇಶದ ಸಭೆಗೆ ಮತ ಕೊಟ್ಟರು. 37 ಮಂದಿ ಹೆಂಗಸರು ಸದಸ್ಯರಾಗಿ ಬಂದರು. ಮರೀ ಯುಖಾಚ್ ಎಂಬಾಕೆ ಫೆಬ್ರವರಿ 19ರಂದು ಎದ್ದು ನಿಂತು ಮಾತನಾಡಿದಳು. ಇಡೀ ಜರ್ಮನಿಯ ಪ್ರತಿನಿಧಿ ಸಭೆಯಲ್ಲಿ ಹೆಂಗಸಿನ ಧ್ವನಿ ಕೇಳಿದ್ದು ಅದೇ ಮೊದಲು. ನಮ್ಮ ಮನೆಯವರು ಈ ಮಾತನ್ನು ಎರಡು ಬಾರಿ ಹೇಳಿಸಿಕೊಂಡರು. ಜುಲೈ 31ರಂದು 262 ಮತಗಳು ಪರವಾಗಿಯೂ 75 ವಿರುದ್ಧವಾಗಿಯೂ ಬಂದು ರಾಜ್ಯಾಂಗ ಅಂಗೀಕೃತವಾಯಿತು.

ಆ ರಾಜ್ಯಾಂಗದ 48ನೆಯ ವಿಧಿ ನಮಗೂ ಅಪರಿಚಿತವಲ್ಲ. ಶಾಂತಿಭಂಗವಾದಾಗ ರಾಷ್ಟ್ರಾಧ್ಯಕ್ಷನು ಆಜ್ಞೆಗಳ ಮೂಲಕ ಆಳಬಹುದು, ಪ್ರಜೆಗಳ ಕೆಲವು ಹಕ್ಕುಗಳನ್ನು ತಡೆಹಿಡಿಯಬಹುದು ಎಂಬುದು ಅದರ ಸಾರ. ನಮ್ಮ ದೇಶದ ಸಂವಿಧಾನದಲ್ಲಿ ತುರ್ತುಪರಿಸ್ಥಿತಿಯ ವಿಧಿಗಳು ಚರ್ಚೆಗೆ ಬಂದಾಗ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು 1949ರಲ್ಲಿ ಇದೇ ವೈಮಾರಿನ ಉದಾಹರಣೆಯನ್ನೆತ್ತಿ ಸಭೆಯನ್ನು ಎಚ್ಚರಿಸಿದ್ದರು. 1975ರಲ್ಲಿ ನಮ್ಮಂಥವರು ಅದನ್ನು ನೆನೆದುಕೊಂಡೆವು. ಹೀಗೆ ಈ ವಿಧಿಯೊಂದೇ ಗಣರಾಜ್ಯವನ್ನು ಕೊಂದಿತೆಂದು ನಾವು ನಂಬಿದ್ದೆವು, ಹಾಗೆಯೇ ಹೇಳಿದೆವು. ಹುಡುಗಿ ಒಪ್ಪಲಿಲ್ಲ. ಮೊದಲನೆಯ ಅಧ್ಯಕ್ಷನಾದ ಎಬರ್ಟನೂ ಅದೇ ವಿಧಿಯನ್ನು ನೂರಕ್ಕೂ ಹೆಚ್ಚು ಬಾರಿ ಉಪಯೋಗಿಸಿದ್ದನಂತೆ. ಅವನು ಉಪಯೋಗಿಸಿದ್ದು ಗಣರಾಜ್ಯವನ್ನು ಉಳಿಸುವುದಕ್ಕೆ. ಕತ್ತಿ ಅದೇ, ಹಿಡಿದ ಕೈ ಬೇರೆ ಎಂದು ನಮ್ಮ ಮನೆಯವರು ಇದನ್ನು ಒಂದೇ ಮಾತಿನಲ್ಲಿ ಮುಗಿಸಿದರು.

ಆ ಫಲಕಕ್ಕೂ ಒಂದು ಕಥೆಯುಂಟು. ಅದರ ವಿನ್ಯಾಸ ಮಾಡಿದವನು ವಾಲ್ಟರ್ ಗ್ರೋಪಿಯಸ್. 1919ರಲ್ಲಿ ಇದೇ ಊರಿನಲ್ಲಿ ಬೌಹೌಸ್ ಎಂಬ ಶಿಲ್ಪಶಾಲೆಯನ್ನು ಆರಂಭಿಸಿ, ಮನೆ, ಕುರ್ಚಿ, ದೀಪಗಳಿಗೆ ಹೊಸ ರೂಪ ಕೊಟ್ಟವನು. ಫಲಕವನ್ನು 1922ರಲ್ಲಿ ಗೋಡೆಗೆ ಹಾಕಿದರು. ನಾಲ್ಕು ವರ್ಷ ಕಳೆಯಿತು. 1926ರ ಜುಲೈಯಲ್ಲಿ ಹಿಟ್ಲರನು ತನ್ನ ಪಕ್ಷದ ಸಮ್ಮೇಳನವನ್ನು ಎಲ್ಲಿ ನಡೆಸಿದನೆಂದು ಬಲ್ಲಿರಾ? ಇದೇ ನಾಟಕಶಾಲೆಯಲ್ಲಿ! ಬೇರೆ ಎಷ್ಟೋ ಪ್ರಾಂತಗಳಲ್ಲಿ ಅವನು ಸಾರ್ವಜನಿಕವಾಗಿ ಮಾತನಾಡಕೂಡದೆಂದು ನಿಷೇಧವಿತ್ತು. ಈ ತುರಿಂಗಿಯಾ ಪ್ರಾಂತದಲ್ಲಿ ಇರಲಿಲ್ಲ. 1930ರಲ್ಲಿ ಇದೇ ಪ್ರಾಂತದಲ್ಲಿ ಫ್ರಿಕ್ ಎಂಬವನು ಒಳಾಡಳಿತಕ್ಕೂ ವಿದ್ಯಾಭ್ಯಾಸಕ್ಕೂ ಮಂತ್ರಿಯಾದನು. ಜರ್ಮನಿಯ ಪ್ರಾಂತಗಳಲ್ಲಿ ಮಂತ್ರಿಪದವಿಗೆ ಬಂದ ನಾಜಿಗಳಲ್ಲಿ ಇವನೇ ಮೊದಲಿಗ. ಬಂದವನು ಶಾಲೆಗಳಲ್ಲಿ ದ್ವೇಷ ತುಂಬಿದ ಪ್ರಾರ್ಥನೆಗಳನ್ನು ಗೊತ್ತುಮಾಡಿದನು. ನ್ಯಾಯಸ್ಥಾನವು ಅವುಗಳಲ್ಲಿ ಕೆಲವನ್ನು ರಾಜ್ಯಾಂಗವಿರುದ್ಧವೆಂದು ತಳ್ಳಿಹಾಕಿತು. ಆದರೂ ಅವನನ್ನು ಮಂತ್ರಿಯಾಗಿ ಕೂರಿಸಿಕೊಂಡ ಇತರ ಪಕ್ಷದವರಿದ್ದರಲ್ಲ! 1933ರಲ್ಲಿ ನಾಜಿಗಳು ಫಲಕವನ್ನು ಕಿತ್ತುಹಾಕಿದರು. 1945ರ ಫೆಬ್ರವರಿಯಲ್ಲಿ ನಾಟಕಶಾಲೆಯ ಮೇಲೆ ಬಾಂಬು ಬಿದ್ದು ಮುಂಗೋಡೆ ಮಾತ್ರ ನಿಂತಿತು. 1948ರಲ್ಲಿ ಒಳಗೆಲ್ಲ ಹೊಸದಾಗಿ ಕಟ್ಟಿದರು. ಫಲಕವೂ ಯುದ್ಧದ ತರುವಾಯ ತನ್ನ ಸ್ಥಾನಕ್ಕೆ ಮರಳಿತು.

ಎದುರಿನ ಕಡೆ ವೈಮಾರ್ ಗಣರಾಜ್ಯದ್ದೇ ಒಂದು ವಸ್ತುಸಂಗ್ರಹಾಲಯವನ್ನು 2019ರಲ್ಲಿ ತೆರೆದಿದ್ದಾರೆ. ಅದನ್ನು ನೋಡಿ ಹೊರಗೆ ಬರುವಷ್ಟರಲ್ಲಿ ನಮಗೆ ಕಾಲು ಸೋತಿತ್ತು. ಕಾಫಿ ಅಂಗಡಿಯಲ್ಲಿ ಕುಳಿತಾಗ ಹುಡುಗಿ ತನ್ನ ಪುಸ್ತಕದ ನಡುವಿನಿಂದ ಹಳೆಯ ನೋಟೊಂದನ್ನು ತೆಗೆದು ಅಜ್ಜಿಯ ಮುಂದಿಟ್ಟಳು. ಅವಳ ಉಪಾಧ್ಯಾಯಿನಿ ತರಗತಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹಂಚಿದ್ದರಂತೆ. ಈಗ ಚಿಲ್ಲರೆ ಹಣಕ್ಕೆ ಸಿಕ್ಕುತ್ತವೆ. ಅದು ಸಾವಿರ ಮಾರ್ಕಿನ ನೋಟು. ತಾರೀಖು 1922ನೆಯ ಡಿಸೆಂಬರ್ 15. ಅದರ ಮೇಲೆ ಅಡ್ಡಲಾಗಿ ಕೆಂಪು ಮಸಿಯಲ್ಲಿ ಇನ್ನೊಂದು ಮುದ್ರೆ: ನೂರು ಕೋಟಿ ಮಾರ್ಕು. ಹೊಸ ನೋಟು ಅಚ್ಚು ಹಾಕುವುದಕ್ಕೂ ಪುರಸತ್ತಿಲ್ಲದೆ ಹಳೆಯ ನೋಟಿನ ಮೇಲೆಯೇ ಒತ್ತಿದ್ದು. 1914ರಲ್ಲಿ ಒಂದು ಡಾಲರಿಗೆ ನಾಲ್ಕು ಮಾರ್ಕು ಚಿಲ್ಲರೆ; 1923ರ ನವೆಂಬರಿನಲ್ಲಿ 4.2 ಲಕ್ಷ ಕೋಟಿ ಮಾರ್ಕು! ಆ ತಿಂಗಳು ಬರ್ಲಿನ್ನಿನಲ್ಲಿ ಒಂದು ರೊಟ್ಟಿಯ ಬೆಲೆ ಸುಮಾರು 20,000 ಕೋಟಿ ಮಾರ್ಕು. ಎಂದರೆ ಈ ನೂರು ಕೋಟಿಯ ನೋಟುಗಳು ಇನ್ನೂರು ಬೇಕು.

ನಮ್ಮ ಮನೆಯವರಿಗೆ ರೊಟ್ಟಿಯ ಬೆಲೆಗಿಂತ ಬೇರೆ ಚಿಂತೆ. “ಅಂಚೆ ಕಚೇರಿಯಲ್ಲಿ, ಬ್ಯಾಂಕಿನಲ್ಲಿ ಇಟ್ಟಿದ್ದವರ ಗತಿ?” ಎಂದರು. ಅವರ ಗತಿ ಹೇಳತೀರದು. ಹೆಣ್ಣುಮಕ್ಕಳ ಮದುವೆಗೆಂದು ಕೂಡಿಟ್ಟದ್ದು, ವಿಧವೆಯರ ವರ್ಷಾಶನ, ಮುದುಕರ ಪಿಂಚಣಿ, ಎಲ್ಲವೂ ಒಂದು ಅಂಚೆ ಚೀಟಿಯ ಬೆಲೆಗಿಳಿಯಿತು. ದೇಶಾಭಿಮಾನದಿಂದ ಸರ್ಕಾರಕ್ಕೆ ಯುದ್ಧಸಾಲ ಕೊಟ್ಟವರೂ ಹೋದರು. 15,400 ಕೋಟಿ ಮಾರ್ಕಿನ ಯುದ್ಧಸಾಲವೆಲ್ಲ ಸೇರಿ, ಹಳೆಯ ಲೆಕ್ಕದಲ್ಲಿ ಹದಿನೈದು ಫೆನಿಗ್ ಚಿಲ್ಲರೆಯಾಯಿತು. ನೂರು ಫೆನಿಗ್ಗಿಗೆ ಒಂದು ಮಾರ್ಕು. ಸಾಲ ಮಾಡಿದವನು ಬದುಕಿದ, ಕೂಡಿಟ್ಟವನು ಕೆಟ್ಟ. ಮಿತವ್ಯಯದಿಂದ ಬಾಳಿದವರಿಗೆ ರಾಜ್ಯವೇ ಕೈಕೊಟ್ಟರೆ ಅವರು ಆ ರಾಜ್ಯವನ್ನು ನಂಬುವುದೆಂತು? ಇದನ್ನು ನಾವು ಮೂರನೆಯ ಅಂಶವೆಂದು ಎರಡು ಪದಗಳಲ್ಲಿ ಬರೆಯಿಸುತ್ತಿದ್ದೆವು!

“ನೋಡಿದೆಯಾ, ನಮ್ಮ ಮೂರನೆಯ ಅಂಶ ಗಟ್ಟಿಯಾಯಿತು” ಎಂದು ನಾವು ಸ್ವಲ್ಪ ಚೇತರಿಸಿಕೊಂಡೆವು. ಹುಡುಗಿ ತಲೆಯಾಡಿಸಿದಳು. ಉಬ್ಬರ ನಿಂತದ್ದು 1923ರ ನವೆಂಬರಿನಲ್ಲಿ. ಹಳೆಯ ಲಕ್ಷ ಕೋಟಿ ಮಾರ್ಕಿಗೆ ಹೊಸದೊಂದು ರೆಂಟೆನ್‌ಮಾರ್ಕ್ ಕೊಟ್ಟು ನಿಲ್ಲಿಸಿದರು. ಹಿಟ್ಲರನು ಅಧಿಕಾರಕ್ಕೆ ಬಂದದ್ದು 1933ರಲ್ಲಿ. ನಡುವೆ ಒಂಬತ್ತು ವರ್ಷದ ಮೇಲಾಯಿತಲ್ಲ? 1928ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಬಿದ್ದ ಮತ ಶೇಕಡಾ 2.6; ಸ್ಥಾನಗಳು ಹನ್ನೆರಡು. 1932ರಲ್ಲಿ ಬೆಲೆಗಳು ಏರುತ್ತಿರಲಿಲ್ಲ, ಬೀಳುತ್ತಿದ್ದುವು, ಕೆಲಸವಿರಲಿಲ್ಲ. ಉಬ್ಬರದ ಭಯದಿಂದ ಖರ್ಚು ಮಾಡಲು ಹೆದರಿ, ಸಂಬಳ ಕಡಿದು, ನಿರುದ್ಯೋಗವನ್ನು ಇನ್ನೂ ಹೆಚ್ಚಿಸಿದರೆಂದು ಬೇಕಾದರೆ ಹೇಳಬಹುದು; ಉಬ್ಬರದಿಂದಲೇ ಹಿಟ್ಲರ್ ಬಂದನೆಂದು ಬರೆದರೆ ತನಗೆ ಅಂಕ ಹೋಗುತ್ತದೆಂದಳು. ನಾವು ಅದೇ ವಾಕ್ಯಕ್ಕೆ ಮೂವತ್ತೊಂದು ವರ್ಷ ಅಂಕ ಕೊಟ್ಟಿದ್ದೆವು. ಕಾಫಿ ತಣ್ಣಗಾಯಿತು.

ಮರುದಿನ ಬೆಳಿಗ್ಗೆ ಊರಿನ ಬಸ್ಸಿನಲ್ಲಿಯೇ ಎಟರ್ಸ್‌ಬರ್ಗ್ ಗುಡ್ಡಕ್ಕೆ ಹೋದೆವು. ಗಯಟೆ ಕವಿ ವಿಹಾರಕ್ಕೆ ಬರುತ್ತಿದ್ದ ಗುಡ್ಡ ಅದು. 1937ರಲ್ಲಿ ಅಲ್ಲಿ ಬೂಕನ್‌ವಾಲ್ಡ್ ಸೆರೆಶಿಬಿರವನ್ನು ಕಟ್ಟಿದರು. ಎರಡೂಮುಕ್ಕಾಲು ಲಕ್ಷ ಜನರನ್ನು ಅಲ್ಲಿ ಕೂಡಿಹಾಕಿದರು. ಸುಮಾರು 56,000 ಜನ ಸತ್ತರು. ಕಬ್ಬಿಣದ ಬಾಗಿಲಿನಲ್ಲಿ ಅವರವರಿಗೆ ಅವರವರದು ಎಂಬರ್ಥದ ಮೂರು ಪದಗಳಿವೆ. ಹೊರಗಿನಿಂದ ನೋಡಿದರೆ ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತವೆ. ಒಳಗೆ ನಿಂತ ಸೆರೆಯಾಳುಗಳು ಓದಲೆಂದು ಮಾಡಿದ್ದು. ಆ ಅಕ್ಷರಗಳ ವಿನ್ಯಾಸವನ್ನು ಮಾಡಬೇಕಾಗಿ ಬಂದವನು ಫ್ರಾನ್ಸ್ ಎರ್ಲಿಖ್ ಎಂಬ ಸೆರೆಯಾಳು. ಅವನು ಗ್ರೋಪಿಯಸ್ ಸ್ಥಾಪಿಸಿದ ಬೌಹೌಸಿನಲ್ಲಿ ಕಲಿತವನು. ನಾಟಕಶಾಲೆಯ ಫಲಕವನ್ನೂ ಈ ಬಾಗಿಲನ್ನೂ ರಚಿಸಿದ ಕೈಗಳು ಒಂದೇ ವಿದ್ಯಾಲಯಕ್ಕೆ ಸೇರಿದುವು. ನಡುವೆ ಹದಿನೈದು ಹದಿನಾರು ವರ್ಷ, ಕೆಲವು ಮೈಲಿ ದೂರ. ನಾವು ಅಲ್ಲಿ ಹೆಚ್ಚು ಮಾತನಾಡಲಿಲ್ಲ. ಅದನ್ನು ಇಲ್ಲಿ ವಿಸ್ತರಿಸುವುದಕ್ಕೂ ಮನಸ್ಸು ಬಾರದು.

ಬರ್ಲಿನ್ನಿನಲ್ಲಿ ಎರಡು ದಿನವಿದ್ದೆವು. ಹಂಬೋಲ್ಟ್ ವಿಶ್ವವಿದ್ಯಾನಿಲಯದ ಎದುರಿಗೆ ಬೇಬೆಲ್ ಚೌಕ. 1933ರ ಮೇ 10ರ ರಾತ್ರಿ ಅಲ್ಲಿ ಇಪ್ಪತ್ತು ಸಾವಿರದಷ್ಟು ಪುಸ್ತಕಗಳನ್ನು ಸುಟ್ಟರು. ನೆಲಕ್ಕೆ ಕೂರಿಸಿದ ಗಾಜಿನ ಮೂಲಕ ಬಗ್ಗಿ ನೋಡಿದರೆ ಕೆಳಗೆ ಬಿಳಿಯ ಕೋಣೆ, ಗೋಡೆಯುದ್ದಕ್ಕೂ ಬಿಳಿಯ ಕಪಾಟುಗಳು. ಒಂದು ಪುಸ್ತಕವೂ ಇಲ್ಲ. ಮೀಖಾ ಉಲ್ಮನ್ ಎಂಬ ಇಸ್ರೇಲಿನ ಶಿಲ್ಪಿ 1995ರಲ್ಲಿ ಮಾಡಿದ ಸ್ಮಾರಕ. ಸುಟ್ಟವರು ಯಾರೋ ಪುಂಡರೆಂದೇ ನಾವು ತಿಳಿದಿದ್ದೆವು. ಮುಂದಾಳುಗಳು ವಿದ್ಯಾರ್ಥಿಗಳು, ಜೊತೆಗೆ ಪ್ರಾಧ್ಯಾಪಕರೂ ಇದ್ದರು. ಹುಡುಗಿ ತನ್ನ ಟಿಪ್ಪಣಿ ಪುಸ್ತಕ ತೆಗೆದು ನಮಗೊಂದು ಸಾಲು ತೋರಿಸಿದಳು. 1936ರ ಸುಮಾರಿಗೆ ಜರ್ಮನಿಯ ಶಾಲಾ ಉಪಾಧ್ಯಾಯರಲ್ಲಿ ಶೇಕಡಾ 97 ಮಂದಿ ನಾಜಿಗಳ ಉಪಾಧ್ಯಾಯ ಸಂಘಕ್ಕೆ ಸೇರಿದ್ದರು. ಸುಮಾರು ಮೂರರಲ್ಲೊಬ್ಬರು ಪಕ್ಷಕ್ಕೇ ಸೇರಿದ್ದರು. “ತಾತ, ಅವರೂ ಹುಡುಗರಿಗೆ ಉತ್ತರ ಬರೆಯಿಸಿರಬೇಕು ಅಲ್ಲವೆ?” ಎಂದು ಕೇಳಿದಳು. ಮನಸ್ಸು ನೋಯಿಸಬೇಕೆಂದು ಕೇಳಿದ್ದಲ್ಲ. ಬರೆಯಿಸಿಯೇ ಇರುತ್ತಾರೆ. ನಮ್ಮ ವೃತ್ತಿಯವರ ಕೈಬರಹ ಎಲ್ಲ ದೇಶದಲ್ಲೂ ದುಂಡಗಿರುತ್ತದೆ.

ಸಂಜೆ ಪಾರ್ಲಿಮೆಂಟ್ ಭವನದ ಮುಂದಣ ಹುಲ್ಲುಬಯಲಿಗೆ ಬಂದೆವು. ಗಾಜಿನ ಗುಮ್ಮಟವಿರುವ ರೈಖ್‌ಸ್ಟಾಗ್ ಭವನವನ್ನು ಚಿತ್ರಗಳಲ್ಲಿ ಎಲ್ಲರೂ ಕಂಡಿರುತ್ತಾರೆ; ಅದರ ಎದುರಿಗೆ ಏನಿತ್ತೆಂಬುದು ಅಷ್ಟಾಗಿ ತಿಳಿದಿರದು. ಅಲ್ಲಿ ಕ್ರೋಲ್ ಸಂಗೀತನಾಟಕಶಾಲೆಯಿತ್ತು. 1951ರಲ್ಲಿ ಅದರ ಅವಶೇಷವನ್ನೂ ಕೆಡವಿ ತೆಗೆದರು. ಇದೂ ಒಂದು ನಾಟಕಶಾಲೆಯೇ! ವೈಮಾರಿನ ನಾಟಕಶಾಲೆಯಲ್ಲಿ ಹುಟ್ಟಿದ ರಾಜ್ಯಾಂಗ ಹದಿನಾಲ್ಕು ವರ್ಷ ತುಂಬುವುದರೊಳಗೆ ಈ ನಾಟಕಶಾಲೆಯಲ್ಲಿ ತೀರಿಕೊಂಡಿತು. ಹುಲ್ಲಿನ ಅಂಚಿನಲ್ಲಿ ಕುಳಿತು ಹುಡುಗಿ ಆ ಕೊನೆಯ ಮೂರು ವರ್ಷವನ್ನು ನಮಗೆ ಪಾಠ ಹೇಳಿದಳು. ಎಡೆಯಲ್ಲಿ ನಾವು ಬಾಯಿ ಹಾಕಲಿಲ್ಲ.

1930ರ ಮಾರ್ಚಿನಲ್ಲಿ ಬಹುಮತವಿದ್ದ ಕೊನೆಯ ಸರ್ಕಾರ ಬಿದ್ದುಹೋಯಿತು. ಬಿದ್ದದ್ದು ಯಾವ ಮಹಾಸಮಸ್ಯೆಗೆ? ನಿರುದ್ಯೋಗ ವಿಮೆಗೆ ಕೊಡುವ ವಂತಿಗೆಯನ್ನು ಶೇಕಡಾ ಅರ್ಧದಷ್ಟೂ ಏರಿಸಲು ಕೂಡಿದ್ದ ಪಕ್ಷಗಳಲ್ಲಿ ಒಮ್ಮತವಾಗದೆ ಹೋದದ್ದಕ್ಕೆ. ಅನಂತರ ಬಂದ ಬ್ರೂನಿಂಗನ ಹಣಕಾಸಿನ ಆಜ್ಞೆಯನ್ನು ಸಭೆ ತಳ್ಳಿಹಾಕಿತು. ಅವನು ಸಭೆಯನ್ನೇ ಬರಖಾಸ್ತು ಮಾಡಿಸಿದನು. ಸೆಪ್ಟೆಂಬರಿನ ಚುನಾವಣೆಯಲ್ಲಿ ಹಿಟ್ಲರನ ಹನ್ನೆರಡು ಸ್ಥಾನ 107 ಆಯಿತು. ಅಲ್ಲಿಂದ ಮುಂದೆ ಹಿಂಡೆನ್‌ಬರ್ಗ್ ಎಂಬ ವೃದ್ಧ ಸೇನಾನಿಯ ರುಜು ಪಡೆದ ಆಜ್ಞೆಗಳೇ ಆಳಿದುವು. 1932ರಲ್ಲಿ ಸಭೆ ಮಾಡಿದ ಕಾನೂನುಗಳು ಐದು. ಆಜ್ಞೆಗಳು ಅರುವತ್ತರ ಆಸುಪಾಸು. ಅದೇ ವರ್ಷ ಜುಲೈ 9ರಂದು ಲೌಸಾನ್ ನಗರದ ಸಮ್ಮೇಳನದಲ್ಲಿ ಯುದ್ಧಪರಿಹಾರದ ಹೊರೆ ಹೆಚ್ಚುಕಡಿಮೆ ಇಳಿದೇ ಹೋಯಿತು. ಮೂರು ವಾರ ಕಳೆದು ಜುಲೈ 31ರ ಚುನಾವಣೆಯಲ್ಲಿ ನಾಜಿಗಳಿಗೆ ಶೇಕಡಾ 37.3 ಮತ, 230 ಸ್ಥಾನ! ನಮ್ಮ ಎರಡನೆಯ ಅಂಶ ಅಲ್ಲಿಗೆ ಸಡಿಲಿತು. ನವೆಂಬರಿನಲ್ಲಿ ಮತ್ತೆ ಚುನಾವಣೆ. ಇಪ್ಪತ್ತು ಲಕ್ಷ ಮತ ಕಡಿಮೆಯಾಗಿ 196 ಸ್ಥಾನಕ್ಕಿಳಿದರು. ಪಕ್ಷದ ಬೊಕ್ಕಸ ಬರಿದಾಗಿತ್ತು. ಇಳಿಯುತ್ತಿದ್ದವರನ್ನು ಎತ್ತಿ ಕೂರಿಸಿದವರಾರು? ಅಧಿಕಾರ ಕಳೆದುಕೊಂಡು ಹೊಟ್ಟೆಯುರಿಯುತ್ತಿದ್ದ ಫಾನ್ ಪಾಪೆನ್, 1933ರ ಜನವರಿ 4ರಂದು ಕೊಲೋನ್ ನಗರದ ಬ್ಯಾಂಕರೊಬ್ಬನ ಮನೆಯಲ್ಲಿ ಹಿಟ್ಲರನನ್ನು ಕಂಡು ಮಾತು ಆರಂಭಿಸಿದನು. ಹಿಂಡೆನ್‌ಬರ್ಗನ ಸುತ್ತ ಇದ್ದವರು ಮುದುಕನನ್ನು ಒಪ್ಪಿಸಿದರು. ಜನವರಿ 30ರಂದು ಹಿಟ್ಲರ್ ಚಾನ್ಸೆಲರ್ ಆದನು. ಮಂತ್ರಿಮಂಡಲದಲ್ಲಿ ನಾಜಿಗಳು ಅವನೂ ಸೇರಿ ಮೂವರೇ, ಉಳಿದವರು ದೊಡ್ಡಮನುಷ್ಯರು. ಇವನನ್ನು ತಾವು ಕೂಲಿಗೆ ಹಿಡಿದಿದ್ದೇವೆಂದೇ ಪಾಪೆನ್ನನ ನಂಬಿಕೆ.

ಫೆಬ್ರವರಿ 27ರ ರಾತ್ರಿ ಈ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ 48ನೆಯ ವಿಧಿಯಂತೆ ಹಕ್ಕುಗಳೆಲ್ಲ ರದ್ದಾದುವು. ಸುಟ್ಟ ಭವನ ಬಿಟ್ಟು ಸಭೆ ಎದುರಿನ ಕ್ರೋಲ್ ಶಾಲೆಯಲ್ಲಿ ಕೂಡಿತು. ಮಾರ್ಚ್ 23ರಂದು, ಸಭೆಯನ್ನು ಕೇಳದೆ ಕಾನೂನು ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಮಸೂದೆ ಬಂತು. ಕಮ್ಯೂನಿಸ್ಟ್ ಸದಸ್ಯರನ್ನು ಒಳಗೆ ಬಿಡಲಿಲ್ಲ. ಓಣಿಗಳಲ್ಲಿ ಸಮವಸ್ತ್ರದ ದಾಂಡಿಗರು. ಆ ಹೊತ್ತಿನಲ್ಲಿ ಓಟೋ ವೆಲ್ಸ್ ಎಂಬ ಸೋಷಿಯಲ್ ಡೆಮೊಕ್ರಾಟ್ ನಾಯಕನು ಎದ್ದು ನಿಂತು, ನಮ್ಮ ಸ್ವಾತಂತ್ರ್ಯವನ್ನೂ ಪ್ರಾಣವನ್ನೂ ನೀವು ಕಸಿಯಬಹುದು, ಮಾನವನ್ನು ಕಸಿಯಲಾರಿರಿ ಎಂಬರ್ಥದ ಮಾತನ್ನಾಡಿದನು. ಪರವಾಗಿ 444, ವಿರುದ್ಧ 94. ವಿರುದ್ಧ ಬಿದ್ದದ್ದೆಲ್ಲವೂ ಅವನ ಪಕ್ಷದ ಮತ. ಬೇರೆಲ್ಲ ಪಕ್ಷಗಳ ಸಭ್ಯ ಗೃಹಸ್ಥರು, ಧರ್ಮಭೀರುಗಳು, ವಕೀಲರು, ಹೌದೆಂದರು.

ನಾವು ಇಲ್ಲಿ ಒಂದು ಆಕ್ಷೇಪಣೆ ತೆಗೆದೆವು. ಮೇಲಿನ ನಾಲ್ಕಾರು ಮಂದಿಯ ಮೇಲೆಯೇ ಎಲ್ಲವನ್ನೂ ಹೊರಿಸುವುದಾದರೆ, ಮತ ಕೊಟ್ಟ ಒಂದು ಕೋಟಿ ಮೂವತ್ತೇಳು ಲಕ್ಷ ಜನ? ಅರುವತ್ತು ಲಕ್ಷ ಜನ ಕೆಲಸವಿಲ್ಲದೆ ಹಸಿದಿದ್ದರು, ಹಸಿದವನಿಗೆ ಆಯ್ಕೆಯೆಂಬುದುಂಟೆ? ಹುಡುಗಿ ತಡೆದಳು. ಕೆಲಸ ಕಳೆದುಕೊಂಡವರು ಹೆಚ್ಚಾಗಿ ಕಮ್ಯೂನಿಸ್ಟರ ಕಡೆ ತಿರುಗಿದರೆಂದೂ, ನಾಜಿಗಳಿಗೆ ಮತ ದಟ್ಟವಾಗಿ ಬಂದದ್ದು ಪ್ರಾಟೆಸ್ಟೆಂಟ್ ಹಳ್ಳಿಗಳಿಂದ, ಸಣ್ಣ ಪಟ್ಟಣಗಳಿಂದ, ಅಂಗಡಿಯವರು, ಕುಶಲಕರ್ಮಿಗಳು, ಪಿಂಚಣಿದಾರರಿಂದ ಎಂದೂ ಹೇಳಿದಳು. ಎಂದರೆ ಕೆಟ್ಟುಹೋದವರಿಗಿಂತ, ಕೆಟ್ಟೇವೆಂದು ಹೆದರಿದವರು ಹೆಚ್ಚು. ನಮ್ಮ ಮನೆಯವರು ಮೆಲ್ಲನೆ, “ನಮ್ಮ ಹಾಗಿನವರು ಅನ್ನು” ಎಂದರು. ಬ್ಯಾಂಕಿನಲ್ಲಿಟ್ಟ ಹಣ ಒಮ್ಮೆ ಕರಗಿದ್ದನ್ನು ಕಂಡ ಹೆಂಗಸು, ಇನ್ನೊಮ್ಮೆ ಹಾಗಾಗದಂತೆ ನೋಡಿಕೊಳ್ಳುತ್ತೇನೆ ಎಂದು ಕೂಗುವವನ ಮಾತಿಗೆ ಕಿವಿಗೊಡುವುದಿಲ್ಲವೆ, ಅವನು ಇನ್ನೇನೇನು ಕೂಗುತ್ತಾನೆಂಬುದನ್ನು ಕೇಳಿಯೂ ಕೇಳದವಳಂತೆ ಇರುವುದಿಲ್ಲವೆ ಎಂದು ಅವರು ಕೇಳಿದರು. ಹುಡುಗಿ ಪುಸ್ತಕ ತೆಗೆದು ಅದನ್ನು ಬರೆದುಕೊಂಡಳು. ನಮ್ಮ ಐದು ಅಂಶಗಳಿಗೆ ಸಿಕ್ಕದ ಗೌರವ ಅಜ್ಜಿಯ ಒಂದು ಮಾತಿಗೆ ಸಿಕ್ಕಿತು.

ಎದ್ದು ಹೊರಡುವಾಗ ಭವನದ ಮುಂದೆ ಸಾಲಾಗಿ ನಿಲ್ಲಿಸಿದ ಎರಕದ ಕಬ್ಬಿಣದ ಹಲಗೆಗಳನ್ನು ಕಂಡೆವು. ನಾಜಿಗಳ ಕಾಲದಲ್ಲಿ ಕೊಲೆಯಾದ ಪಾರ್ಲಿಮೆಂಟ್ ಸದಸ್ಯರಿಗೆ ಒಬ್ಬೊಬ್ಬರಿಗೆ ಒಂದೊಂದು, ಒಟ್ಟು 96. 1992ರಲ್ಲಿ ನಿಲ್ಲಿಸಿದ್ದು. ಅಂಚಿನ ಮೇಲೆ ಹೆಸರು, ಸತ್ತ ಸ್ಥಳ, ದಿನ. ಬೂಕನ್‌ವಾಲ್ಡ್ ಎಂಬ ಹೆಸರನ್ನು ಅಲ್ಲಿ ಓದಿದೆವು. ಹಲಗೆಗಳು ಎದೆಯೆತ್ತರಕ್ಕೂ ಇಲ್ಲ, ಬಗ್ಗದೆ ಓದಲಾಗುವುದಿಲ್ಲ.

ಇಂಗ್ಲೆಂಡಿಗೆ ಹಿಂದಿರುಗಿ ಅವಳು ಪ್ರಬಂಧವನ್ನು ಬರೆದು ಒಪ್ಪಿಸಿದಳು. ಅನಿವಾರ್ಯವಲ್ಲ ಎಂಬುದು ಅವಳ ಪಕ್ಷ. ಅಂಕವೇನೋ ಚೆನ್ನಾಗಿ ಬಂತು. ಹಳ್ಳಿಗಳ ಮತದಾರರ ಕುರಿತು ಇನ್ನಷ್ಟು ಹೇಳಬೇಕಿತ್ತೆಂದೂ, ಪಾಪೆನ್ನನೊಬ್ಬನನ್ನೇ ಹೆಚ್ಚಾಗಿ ದೂಷಿಸಿದ್ದಾಳೆಂದೂ ಉಪಾಧ್ಯಾಯಿನಿ ಅಂಚಿನಲ್ಲಿ ಬರೆದಿದ್ದರು. ಎರಡನೆಯ ಮಾತಿಗೆ ಹುಡುಗಿಗೆ ಇನ್ನೂ ಸಮಾಧಾನವಿಲ್ಲ.

ನಾವು ಮೈಸೂರಿಗೆ ಬಂದ ಹೊಸದರಲ್ಲಿ, ಈಗ ಮೇಷ್ಟರಾಗಿರುವ ಹಳೆಯ ಶಿಷ್ಯನೊಬ್ಬ ಹಣ್ಣು ಹಿಡಿದುಕೊಂಡು ನೋಡಲು ಬಂದ. ವೈಮಾರಿನಿಂದ ಕ್ರೋಲ್ ಶಾಲೆಯವರೆಗೆ ಎಲ್ಲವನ್ನೂ ಅವನಿಗೆ ಹೇಳಿದೆವು. ಆ ಐದು ಅಂಶಗಳನ್ನು ಹಾಗೆಯೇ ಬರೆಯಿಸಬೇಡಪ್ಪ ಎಂದೂ ಕೇಳಿಕೊಂಡೆವು. ಅವನು ವಿನಯದಿಂದ, “ಸಾರ್, ಇಷ್ಟನ್ನು ಬರೆದರೆ ಹುಡುಗರು ಉಳಿದ ಪ್ರಶ್ನೆಗಳಿಗೆ ಹೊತ್ತು ಎಲ್ಲಿಂದ ತರಬೇಕು? ಉತ್ತರಪತ್ರಿಕೆ ನೋಡುವವರು ಐದು ಅಂಶಗಳನ್ನೇ ಹುಡುಕುತ್ತಾರೆ” ಎಂದ. ಆತ ಹೇಳಿದ್ದು ನಿಜ. ನೋಡುವವರಲ್ಲಿ ನಾವೂ ಒಬ್ಬರಾಗಿದ್ದೆವು. ಮೊಮ್ಮಗಳ ಪ್ರಬಂಧದ ಪ್ರತಿಯೊಂದನ್ನು ಅವನ ಕೈಗೆ ಕೊಟ್ಟೆವು. ನಾಲ್ಕು ದಿನ ಬಿಟ್ಟು ಅದನ್ನು ಹಿಂದಕ್ಕೆ ತಂದ. ಓದಿದನಂತೆ. ತನ್ನ ಹುಡುಗರಿಗೆ ಇಂಗ್ಲಿಷು ಕಷ್ಟ, ಕನ್ನಡಕ್ಕೆ ಮಾಡಿಕೊಟ್ಟರೆ ಶನಿವಾರದ ತರಗತಿಯಲ್ಲಿ ಓದಿಸಿನೋಡುತ್ತೇನೆ ಎಂದ. ಹನ್ನೊಂದು ಪುಟದ ಪ್ರಬಂಧ. ನಾವೀಗ ಮೂರನೆಯ ಪುಟದಲ್ಲಿದ್ದೇವೆ.